ಬಾಟಲಿಗೆ ಬಾಟಲಿ

ಫೆಬ್ರವರಿ 9

ಇವತ್ತು ನಾನು ಗೆದ್ದೆ. ಅದನ್ನು ಬರೆದಿಡದೆ ಬೇರೆ ಕೆಲಸ ಮಾಡಲಾರೆ.

ಬೆಳಿಗ್ಗೆ ಪ್ರೆಸ್ಸಿನಲ್ಲಿ ನನ್ನ ಮೇಜಿಗೆ ರಕ್ತನಿಧಿಯ ಕರಪತ್ರದ ಕಟ್ಟು ಬಂತು. ನಾನು ಏನನ್ನು ಮಡಿಸಿದರೂ ಓದಿಯೇ ಮಡಿಸುವುದು. "ಮಡಿಸೋಕೆ ಸಂಬಳ, ಓದೋಕಲ್ಲ" ಎಂದು ಯಜಮಾನರು ಸೇರಿದ ದಿನದಿಂದ ಹೇಳುತ್ತಿದ್ದಾರೆ. ನಾನು ಸೇರಿದ ದಿನದಿಂದ ಕಿವುಡಿ. ಕರಪತ್ರದಲ್ಲಿ ಹೀಗಿತ್ತು: ರಕ್ತ ಕೊಡುವವರಲ್ಲಿ ಎಷ್ಟು ಜನರ ಮೈಯಲ್ಲಿ, ಅವರಿಗೇ ಗೊತ್ತಿಲ್ಲದಂತೆ, ಮಲೇರಿಯಾದ ಪರೋಪಜೀವಿ ಇದೆ ಎಂದು ಸಮೀಕ್ಷೆ ನಡೆಯಲಿದೆ. ನಡೆಯುವ ಜಾಗಗಳು ಎರಡು ಕಾಲೇಜು, ಒಂದು ಬ್ಯಾಂಕು, ಪೊಲೀಸ್ ವಸತಿ. ಅಕ್ಕ, ಭಾವನ ಜೊತೆ ನಾನಿರುವ ನಮ್ಮ ಇಟ್ಟಿಗೆ ಭಟ್ಟಿಯ ಹೆಸರಿಲ್ಲ. ವರ್ಷವಿಡೀ ಸರತಿಯ ಮೇಲೆ ಹೋಗಿ ತೋಳು ಚಾಚುವವರು ನಮ್ಮ ಭಟ್ಟಿಯವರು. ಎಣಿಕೆಗೆ ಮಾತ್ರ ನಾವು ಬೇಡ.

ಮಧ್ಯಾಹ್ನದ ಬಿಡುವಿನಲ್ಲಿ, ಅಂಟು ಮೆತ್ತಿದ ಕೈಯಲ್ಲೇ ರಕ್ತನಿಧಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮನಿಗೆ ನನ್ನ ಪರಿಚಯವಿದೆ, ಅಕ್ಕನ ಮಗಳು ಗುಬ್ಬಿಯ ದೆಸೆಯಿಂದ.

"ನಿಮ್ಮವರು ರಕ್ತ ಕೊಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಪರೀಕ್ಷೆ ಅಂದ್ರೆ ಹೆದರ್ತಾರಮ್ಮ" ಎಂದರು.

"ನಮ್ಮವರು ಹೆದರಲ್ಲ. ಎಣಿಸೋಕೆ ನೀವು ಹೆದರ್ತಿದೀರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಎಷ್ಟು ಓದಿದೀಯಾ ನೀನು?"

"ಮಡಿಸಿದಷ್ಟು."

ನಕ್ಕರು. ಬರುವ ಭಾನುವಾರ ಭಟ್ಟಿಗೆ ಬರಲು ಒಪ್ಪಿದರು. ನಾನು ಒಂದು ಷರತ್ತು ಹಾಕಿದೆ: ರಕ್ತದ ಹನಿ ಹಾಕುವ ಗಾಜಿನ ಪಟ್ಟಿಯ ಮೇಲೆ ಯಾರ ಹೆಸರೂ ಬರೆಯಬಾರದು, ಬರೀ ಅಂಕಿ. ಒಬ್ಬ ಕೆಲಸಗಾರನ ಮೇಲೂ ಬೆರಳು ತೋರಿಸಬಾರದು. ಅದಕ್ಕೂ ಒಪ್ಪಿದರು. ಜನತೆಯ ಪರವಾಗಿ ಒಬ್ಬಳೇ ಹೋಗಿ ಮಾತಾಡಿ ಬರುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲೇ ಹೋಗುತ್ತಿದ್ದೆ.

ಸಂಜೆ ಹೇಳಿದಾಗ ಅಕ್ಕ ಬಟ್ಟೆ ಹಿಂಡುತ್ತಿದ್ದಳು. "ಸುಮ್ಮನೆ ಮಲಗಿರೋದನ್ನ ಯಾಕೆ ಎಬ್ಬಿಸ್ತೀಯೇ? ನಡೀತಿದೆ, ನಡೀಲಿ ಬಿಡು."

ಇದೇ ಭಯ, ಇದೇ ಅಜ್ಞಾನ, ನಮ್ಮನ್ನು ತುಳಿದಿಟ್ಟಿರುವುದು. ಹಾಗೆಂದು ಅವಳಿಗೆ ಹೇಳಿಯೂಬಿಟ್ಟೆ. ಅವಳು ಹಿಂಡಿದ ಬಟ್ಟೆ ನನ್ನ ಹೆಗಲಿಗೆ ಹಾಕಿ, "ಆಯ್ತು, ಇದನ್ನ ಒಣಗ್ಹಾಕು" ಎಂದಳು.

ಫೆಬ್ರವರಿ 15

ಡಾಕ್ಟರಮ್ಮ ಬಂದರು. ಭಟ್ಟಿಯ ಚಾವಣಿಯ ಕೆಳಗೆ ಮೇಜು ಹಾಕಿ, ಸಾಲಾಗಿ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ಒಂದೊಂದು ಹನಿ. ರಕ್ತ ಕೊಡುವ ಗಂಡಸರೆಲ್ಲ ಬಂದರು, ಬೆಂಕಿ ನೋಡುವ ನನ್ನ ಭಾವನೂ ಒಲೆಬಾಯಿ ಬಿಟ್ಟು ಬಂದ.

ಉದ್ದಣ್ಣ ಮೊದಲಿಗ. ಹಸಿ ಇಟ್ಟಿಗೆ ಹೊರುವವನು, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವವನು. "ನೋಡಿ ಡಾಕ್ಟ್ರೇ, ಇಟ್ಟಿಗೆ ಪುಡಿ ಬಿಟ್ಟು ಬೇರೇನಾದ್ರೂ ಸಿಕ್ಕಿದ್ರೆ ನನಗೂ ಸ್ವಲ್ಪ ತೋರಿಸಿ" ಎಂದ. ನನ್ನತ್ತ ತಿರುಗಿ, "ಏನಮ್ಮಾ ಕರಪತ್ರ, ಇದರಿಂದ ನಮಗೇನು ಸಿಗುತ್ತೆ?"

"ಸತ್ಯ" ಎಂದೆ.

"ಬಿಸಿಯಾಗಿ ಸಿಗುತ್ತಾ, ತಣ್ಣಗಾ?"

ಎಲ್ಲರೂ ನಕ್ಕರು, ನಾನೂ. ಇವರು ನಗುತ್ತಾರೆಂದು ಇವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ಇವರಲ್ಲಿ ಒಬ್ಬೊಬ್ಬನೂ ನಮ್ಮ ಗುಬ್ಬಿಗೆ ರಕ್ತ ಕೊಟ್ಟವನು. ಗುಬ್ಬಿಯ ಮೈ ತಾನಾಗಿ ಸಾಕಷ್ಟು ರಕ್ತ ಮಾಡಿಕೊಳ್ಳುವುದಿಲ್ಲ. ಹುಟ್ಟಿದಾಗಿನಿಂದ ಹಾಗೆ, ಸಾಯುವವರೆಗೂ ಹಾಗೆ. ಮೂರು ವಾರಕ್ಕೊಮ್ಮೆ ಒಂದು ಬಾಟಲಿ ಏರಿಸಬೇಕು. ರಕ್ತನಿಧಿಯ ಕಾನೂನು ಬಾಟಲಿಗೆ ಬಾಟಲಿ: ರೋಗಿಯ ಕಡೆಯವರು ಒಂದು ತೆಗೆದುಕೊಂಡರೆ ಒಂದನ್ನು ತುಂಬಿಕೊಡಬೇಕು, ಯಾವ ಗುಂಪಿನದಾದರೂ ಸರಿ. ನನ್ನನ್ನು ತೂಕ ಸಾಲದೆಂದು ವಾಪಸು ಕಳಿಸುತ್ತಾರೆ. ಅಕ್ಕನ ಮೈಯಲ್ಲೇ ರಕ್ತ ಕಡಿಮೆ. ಭಾವನ ಸರತಿ ಬರುವುದು ಮೂರು ತಿಂಗಳಿಗೊಮ್ಮೆ. ಉಳಿದದ್ದೆಲ್ಲ ಇವರು. ಆರು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಯಾವ ಕರಪತ್ರದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇದೆ?

ಫೆಬ್ರವರಿ 27

ಸಮೀಕ್ಷೆಯ ಲೆಕ್ಕ ಬಂತು. ಮೈಯಲ್ಲಿ ಪರೋಪಜೀವಿ ಇರುವವರು ಕಾಲೇಜು, ಬ್ಯಾಂಕು, ಪೊಲೀಸರು ಎಲ್ಲ ಸೇರಿ ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ಭಟ್ಟಿಯಲ್ಲಿ ಐವರಲ್ಲಿ ಒಬ್ಬ.

ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗುಂಡಗಿನ ಕೆಂಪು ಕಣದೊಳಗೆ ನೀಲಿಯ ಸಣ್ಣ ಉಂಗುರ, ಅದಕ್ಕೊಂದು ಕೆಂಪು ಹರಳು. ಚೆನ್ನಾಗಿತ್ತು. ಚೆನ್ನಾಗಿದೆ ಅನಿಸಿದ್ದಕ್ಕೆ ನನಗೇ ಅಸಹ್ಯವಾಯಿತು.

"ಚಿಕ್ಕಂದಿನಿಂದ ಸೊಳ್ಳೆ ಕಡಿಸಿಕೊಂಡು ಕಡಿಸಿಕೊಂಡು ಇವರ ಮೈ ಇದಕ್ಕೆ ಒಗ್ಗಿಬಿಟ್ಟಿದೆ. ಜ್ವರ ಇಲ್ಲ, ನಡುಕ ಇಲ್ಲ. ಆದ್ರೆ ಈ ರಕ್ತ ಒಗ್ಗದವರ ಮೈಗೆ ಹೋದ್ರೆ ಕಷ್ಟ. ಗುಬ್ಬಿಯಂಥವರಿಗಂತೂ..." ಅವರು ಗಾಜಿನ ಪಟ್ಟಿ ತೆಗೆದಿಟ್ಟರು. "ಇಷ್ಟು ದಿನ ನಮ್ಮ ಅದೃಷ್ಟ."

"ಈಗೇನು ಮಾಡ್ತೀರಿ?"

"ಭಟ್ಟಿಯವರ ರಕ್ತ ಸದ್ಯಕ್ಕೆ ತಗೊಳ್ಳೋ ಹಾಗಿಲ್ಲ. ಯಾರದು ಅಂತ ಗೊತ್ತಿದ್ದಿದ್ರೆ ಅವರನ್ನಷ್ಟೇ ಬಿಟ್ಟು ಉಳಿದವರ ಹತ್ರ ತಗೋಬಹುದಿತ್ತು. ಹೆಸರು ಬೇಡ ಅಂದವಳು ನೀನೇ."

ಅಂದದ್ದು ನಾನೇ. ಈಗಲೂ ಅನ್ನುತ್ತೇನೆ. ರೋಗ ಹೊಂಡದ್ದು, ಮನುಷ್ಯನದಲ್ಲ. ಮಣ್ಣು ತೆಗೆದ ಹೊಂಡಗಳಲ್ಲಿ ವರ್ಷವಿಡೀ ನೀರು ನಿಂತಿದೆ, ಅದರ ದಡದಲ್ಲೇ ನಮ್ಮ ಸಾಲುಮನೆ. ಈ ಅಂಕಿ ಒಂದು ಆಯುಧ. ಭಟ್ಟಿ ಮಾಲೀಕನಿಗೂ ಆರೋಗ್ಯ ಇಲಾಖೆಗೂ ಇವತ್ತೇ ಬರೆಯುತ್ತೇನೆ. ಹೊಂಡ ಮುಚ್ಚಲೇಬೇಕು. ಸತ್ಯ ಬಾಯಿ ಬಿಟ್ಟ ಮೇಲೆ ಅದನ್ನು ಮತ್ತೆ ಮುಚ್ಚಲು ಯಾರಿಂದಾಗುತ್ತದೆ?

ಮಾರ್ಚ್ 7

ಮೊನ್ನೆ ಗುಬ್ಬಿಗೆ ಬಾಟಲಿ ಏರಿಸಿದರು, ಸಮೀಕ್ಷೆಗೆ ಮೊದಲು ಭಾವ ಕೊಟ್ಟದ್ದರ ಲೆಕ್ಕಕ್ಕೆ. ಇನ್ನು ನಮ್ಮ ಲೆಕ್ಕದಲ್ಲಿ ಏನೂ ಇಲ್ಲ.

ಭಟ್ಟಿಯಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿಲ್ಲ. ನೀರಿನ ನಲ್ಲಿಯ ಹತ್ತಿರ ಉದ್ದಣ್ಣ ಸಿಕ್ಕ. ಅವನಾದರೂ ಗೇಲಿ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ.

"ನೋಡಮ್ಮ, ಹುಟ್ಟಿದಾಗಿಂದ ನನಗೆ ದೊಡ್ಡ ಮನುಷ್ಯರು ಯಾರೂ ಥ್ಯಾಂಕ್ಸ್ ಅಂದಿಲ್ಲ. ಅಲ್ಲಿ ಮಂಚದ ಮೇಲೆ ಮಲಗಿದಾಗ ಮಾತ್ರ ಅಂತಿದ್ರು. ಬಿಸ್ಕತ್ತು ಕೊಡ್ತಿದ್ರು. ನಿನ್ನೆ ಹೋದ್ರೆ ಬಾಗಿಲಲ್ಲೇ, ಭಟ್ಟಿಯವರಾ, ಬೇಡ ಅಂದ್ರು. ನಮ್ಮ ರಕ್ತದಲ್ಲಿ ಹುಳ ಇದೆ ಅಂತ ಊರಿಗೆಲ್ಲ ಗೊತ್ತು ಮಾಡಿಸಿದೆಯಲ್ಲ, ಅದರಿಂದ ಯಾರಿಗೆ ಉಪಕಾರ ಆಯ್ತು?"

ಹೊಂಡ, ಸೊಳ್ಳೆ, ಮಾಲೀಕ ಎಂದೆಲ್ಲ ವಿವರಿಸಿದೆ. ತುಂಬಿದ ಕೊಡ ಎತ್ತಿಕೊಂಡು ಹೋದ. ಜನರನ್ನು ಪ್ರೀತಿಸುವುದು ಕಷ್ಟದ ಕೆಲಸ. ಆದರೂ ಬಿಡಬಾರದು.

ಮಾರ್ಚ್ 16

ಆರೋಗ್ಯ ಇಲಾಖೆಯವರು ಬಂದರು. ಒಂದು ಡಬ್ಬಿ ಎಣ್ಣೆ ತಂದಿದ್ದರು. ಅತ್ಯಂತ ಚಿಕ್ಕ ಹೊಂಡಕ್ಕೆ ಸುರಿದು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಸಾಲುಮನೆಯಲ್ಲಿ ಜ್ವರ ಬಂದವರಿಗೆ ಕೊಡಲೆಂದು ಮಲೇರಿಯಾ ಗುಳಿಗೆಯ ಪೊಟ್ಟಣಗಳನ್ನು ಬಿಟ್ಟುಹೋದರು. ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಪೊಟ್ಟಣ ತಗೊಂಡವನೇ ಹುಳದವನು ಎಂದಾಗುತ್ತದಲ್ಲ. ಕೊನೆಗೆ ನನ್ನ ಕೈಗೇ ಕೊಟ್ಟರು.

ಮಾಲೀಕ ನನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕಾರಿನ ಗಾಜು ಇಳಿಸಿ, "ಹೊಂಡ ಮುಚ್ಚಿದ್ರೆ ಮಣ್ಣಿಲ್ಲ, ಮಣ್ಣಿಲ್ದಿದ್ರೆ ಇಟ್ಟಿಗೆ ಇಲ್ಲ, ಇಟ್ಟಿಗೆ ಇಲ್ದಿದ್ರೆ ನಿನ್ನ ಭಾವನಿಗೆ ಕೆಲಸ ಇಲ್ಲ. ಬುದ್ಧಿವಂತೆ ಅಂತಾರೆ ನಿನ್ನನ್ನ" ಎಂದ. ಗಾಜು ಏರಿಸಿಕೊಂಡ.

ಮಾರ್ಚ್ 28

ಗುಬ್ಬಿಯ ದಿನ ಬಂತು, ಹೋಯಿತು. ಬಾಟಲಿ ಇಲ್ಲ.

ಭಾವ ಎರಡು ದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದ. ಹೋಗಿ ಬರುವವರನ್ನು ಕೇಳಿದನಂತೆ. ಮೊದಲನೆಯವನು ಚಿಲ್ಲರೆ ಕೊಟ್ಟ. ಎರಡನೆಯವನು ಬೈದ. ಕಾಲೇಜಿನ ಹುಡುಗನೊಬ್ಬ ಬರುತ್ತೇನೆಂದು ಫೋನ್ ನಂಬರು ಕೊಟ್ಟ. ಅದು ಯಾವುದೋ ಟೈರ್ ಅಂಗಡಿಯದು. ಪ್ರೆಸ್ಸಿನ ಯಜಮಾನರನ್ನು ನಾನು ಕೇಳಿದೆ. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಸೂಜಿ. ಅವರ ಮಗನಿಗೆ ಸೂಜಿ ಕಂಡರೆ ತಲೆ ಸುತ್ತು.

ಗುಬ್ಬಿ ಶಾಲೆಯಲ್ಲಿ ಬೆಂಚಿನ ಮೇಲೇ ಮಲಗಿಬಿಡುತ್ತಾಳೆ ಎಂದು ಟೀಚರು ಹೇಳಿ ಕಳಿಸಿದ್ದಾರೆ. ಉಗುರುಗಳು ಕಾಗದದ ಬಣ್ಣ. ಬಾಗಿಲಿನಿಂದ ನಲ್ಲಿಯವರೆಗೆ ನಡೆಯಲು ಎರಡು ಕಡೆ ಕೂರುತ್ತಾಳೆ. ಕೂತಾಗ, "ನನಗೇನೂ ಆಗಿಲ್ಲ, ಇರುವೆ ನೋಡ್ತಿದೀನಿ" ಅನ್ನುತ್ತಾಳೆ.

ಅಕ್ಕ ನನ್ನನ್ನು ಬಯ್ಯುವುದಿಲ್ಲ. ಬೈದರೆ ಉತ್ತರ ಹೇಳಬಹುದಿತ್ತು.

ಮಾರ್ಚ್ 31

ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ಜಗಳವಾಡಿದೆ. ಕೊನೆಗೆ ಒಂದು ದಾರಿ ಹೇಳಿದರು. ಭಾನುವಾರ ಮತ್ತೊಂದು ಪರೀಕ್ಷೆ, ಈ ಸಲ ಹೆಸರಿನೊಂದಿಗೆ. ಗಾಜಿನ ಪಟ್ಟಿಯಲ್ಲಿ ಏನೂ ಕಾಣದಿದ್ದರೆ, ಇತ್ತೀಚೆಗೆ ಜ್ವರ ಬಂದಿಲ್ಲ, ಮಲೇರಿಯಾ ಗುಳಿಗೆ ತೆಗೆದುಕೊಂಡಿಲ್ಲ ಎಂದಾದರೆ, ಅಂಥವರ ರಕ್ತ ತೆಗೆದುಕೊಳ್ಳುತ್ತಾರೆ.

"ಗುಳಿಗೆ ತಗೊಂಡ್ರೆ ಒಳ್ಳೇದೇ ಅಲ್ವಾ? ಹುಳ ಸಾಯುತ್ತಲ್ಲ."

"ಗುಳಿಗೆ ತಗೊಂಡವರು ತಿಂಗಳುಗಟ್ಟಲೆ ಕಾಯಬೇಕು. ಅದು ನಿಯಮ."

ನಿಯಮ. ಬರೆದವರ ಮನೆಯಲ್ಲಿ ಬಾಟಲಿಗಾಗಿ ಕಾಯುವ ಮಗು ಇರಲಿಕ್ಕಿಲ್ಲ.

ಹೋದ ವರ್ಷ ಮಡಿಸಿದ ಆರೋಗ್ಯದ ಕರಪತ್ರ ನನ್ನ ಟ್ರಂಕಿನಲ್ಲಿದೆ. ತೆಗೆದು ಓದಿದೆ. "ಗುಳಿಗೆಯು ರಕ್ತದಲ್ಲಿನ ಪರೋಪಜೀವಿಯನ್ನು ಕೊಲ್ಲುತ್ತದೆ." ಅಚ್ಚಾದ ಮಾತು, ನನ್ನ ಕಲ್ಪನೆಯಲ್ಲ.

ಏಪ್ರಿಲ್ 3

ಕೆಲಸ ಬಿಟ್ಟ ಮೇಲೆ ಎಲ್ಲರನ್ನೂ ಭಟ್ಟಿಯ ಹಿಂದೆ ಸೇರಿಸಿದೆ. ಗುಳಿಗೆಯ ಪೊಟ್ಟಣಗಳು ಹನ್ನೆರಡು, ಒಂದೊಂದರಲ್ಲೂ ಒಬ್ಬನಿಗೆ ಪೂರ್ತಿ ವಾಸಿಯಾಗುವಷ್ಟು. ಗಂಡಸರು ಅದರ ಮೂರು ಪಟ್ಟು. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಹುಳ ಯಾರಲ್ಲಿದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಅನುಮಾನ ಇರೋರು ತಗೊಳ್ಳಿ" ಎಂದ ಭಾವ. ಒಬ್ಬನೂ ಕೈ ಚಾಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ನನಗೆ ಹೊಳೆಯಿತು, ಎಷ್ಟು ಸರಳ. ಪೊಟ್ಟಣಗಳನ್ನೆಲ್ಲ ಒಡೆದು ತಟ್ಟೆಗೆ ಸುರಿದೆ. ಎಲ್ಲರಿಗೂ ಸಮಪಾಲು. ಒಬ್ಬ ಹೆಚ್ಚಲ್ಲ, ಒಬ್ಬ ಕಡಿಮೆಯಲ್ಲ. ಯಾರೂ ರೋಗಿಯಲ್ಲ, ಎಲ್ಲರೂ ರೋಗಿಗಳು. ಅವರ ಮುಖ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಉದ್ದಣ್ಣ ತನ್ನ ಪಾಲನ್ನು ಅಂಗೈಯಲ್ಲಿ ತಿರುಗಿಸಿ, "ಕಹಿ ಇರುತ್ತಾ?" ಎಂದ. "ಸತ್ಯಕ್ಕಿಂತ ಕಡಿಮೆ" ಎಂದೆ. ತಿಂಗಳ ಮೇಲೆ ಮೊದಲ ಸಲ ನಕ್ಕ.

ಭಾನುವಾರ ಕೇಳಿದರೆ ಗುಳಿಗೆ ತೆಗೆದುಕೊಂಡಿಲ್ಲ ಎನ್ನಿ ಎಂದೆ. ಭಾವ ಕೇಳಿದ, "ಸುಳ್ಳು ಹೇಳೋದಾ?"

"ಹುಳ ಸತ್ತ ಮೇಲೆ ಅದು ಸುಳ್ಳು ಹೇಗಾಗುತ್ತೆ ಭಾವ? ರಕ್ತ ಶುದ್ಧ. ನಿಯಮಕ್ಕೆ ಒಂದು ಉತ್ತರ ಬೇಕು, ಕೊಡ್ತಿದೀವಿ, ಅಷ್ಟೇ."

ಎಲ್ಲರೂ ಒಟ್ಟಿಗೆ ನುಂಗಿದರು. ನೋಡಲು ಚೆನ್ನಾಗಿತ್ತು.

ಏಪ್ರಿಲ್ 5

ಒಬ್ಬನಲ್ಲೂ ಇಲ್ಲ. ಒಬ್ಬನಲ್ಲೂ.

ರಕ್ತನಿಧಿಯಲ್ಲಿ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಇದೇನೋ ವಿಚಿತ್ರ. ಒಣಹವೆಗೆ ಕಡಿಮೆಯಾಗಿರಬಹುದು" ಎಂದರು. ಗುಳಿಗೆಯ ಪ್ರಶ್ನೆಗೆ ಎಲ್ಲರೂ ಇಲ್ಲ ಎಂದರು. ಐದು ಜನ ಅಲ್ಲೇ ರಕ್ತ ಕೊಟ್ಟರು. ಉದ್ದಣ್ಣನ ಕಾಲು ಮಂಚದ ಆಚೆ ನೇತಾಡುತ್ತಿತ್ತು. ಬಿಸ್ಕತ್ತನ್ನು ತಿನ್ನದೆ ಜೇಬಿಗಿಟ್ಟುಕೊಂಡ, ಹೆಂಡತಿಗೆ ತೋರಿಸಬೇಕಂತೆ.

ಏಪ್ರಿಲ್ 8

ಗುಬ್ಬಿಗೆ ಬಾಟಲಿ ಏರಿತು. ಉದ್ದಣ್ಣನದೇ. ಸಂಜೆಗೆ ತುಟಿಗೆ ಬಣ್ಣ. ಹಾಸಿಗೆಯ ಮೇಲೆ ನಿಂತು, ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ನಡೆದು ತೋರಿಸಿದಳು. "ನಾನೀಗ ಉದ್ದಣ್ಣ. ಏ ಕರಪತ್ರ, ಸತ್ಯ ಬಿಸಿ ಇದೆಯಾ?" ವಾರ್ಡೆಲ್ಲ ನಕ್ಕಿತು. ಅಕ್ಕನೂ.

ಸಂಘಟಿತ ಜನತೆಯ ಮುಂದೆ ಯಾವ ನಿಯಮವೂ ನಿಲ್ಲದು. ಇದನ್ನೇ ಒಂದು ಕರಪತ್ರವಾಗಿ ಬರೆಯಬೇಕು.

ಏಪ್ರಿಲ್ 23

ಗುಬ್ಬಿಗೆ ಎರಡು ದಿನದಿಂದ ಜ್ವರ. ನಡುಕ ಬಂದಾಗ ಮಂಚ ಸದ್ದು ಮಾಡುತ್ತದೆ. ಆಸ್ಪತ್ರೆಗೆ ಸೇರಿಸಿದೆವು.

ಕರಪತ್ರ ಅರ್ಧಕ್ಕೆ ನಿಂತಿದೆ.

ಏಪ್ರಿಲ್ 26

ಗುಬ್ಬಿಯ ರಕ್ತದಲ್ಲಿ ಉಂಗುರಗಳಿವೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ವರಾಂಡದಲ್ಲಿ ಸ್ಟ್ರೆಚರು ಹೋಗಲು ಜಾಗ ಬಿಟ್ಟು ಗೋಡೆಗೆ ಒತ್ತಿ ನಿಂತೆವು.

"ಗುಬ್ಬಿ ಹೊಂಡದ ಪಕ್ಕದಲ್ಲಿರೋ ಮಗು, ಸೊಳ್ಳೆ ಕಡಿದಿರಬಹುದು ಅಂದ್ಕೊಂಡೆ. ಆದ್ರೆ ಹೆರಿಗೆ ವಾರ್ಡಲ್ಲಿ ಒಬ್ಬಳು ಬಾಣಂತಿಗೂ ಇದೇ ಜ್ವರ. ಊರ ನಡುವೆ ಮೂರನೇ ಮಹಡಿಯಲ್ಲಿ ಮನೆ. ಅವಳಿಗೂ ನಿಮ್ಮವರ ಬಾಟಲಿಯೇ ಹೋಗಿತ್ತು. ಮೊನ್ನೆ ತೀರಿಕೊಂಡಳು."

ನಾನು ನೆಲ ನೋಡುತ್ತಿದ್ದೆ.

"ಕೊಟ್ಟವರು ಗುಳಿಗೆ ತಗೊಂಡಿದ್ರಾ? ಅರೆಬರೆ ತಗೊಂಡ್ರೆ ಹುಳ ಗಾಜಿನ ಮೇಲೆ ಕಾಣದಷ್ಟು ಕಡಿಮೆಯಾಗುತ್ತೆ, ಪೂರ್ತಿ ಸಾಯಲ್ಲ. ಫ್ರಿಜ್ಜಲ್ಲಿ ನಿಮ್ಮವರದು ಇನ್ನೂ ಮೂರು ಬಾಟಲಿ ಇದೆ. ತಗೊಂಡಿದ್ರು ಅಂದ್ರೆ ಈಗಲೇ ಚೆಲ್ಲಿಬಿಡ್ತೀನಿ. ಆ ಬಾಣಂತಿಗೆ ಜ್ವರ ಬೇರೆ ಕಡೆಯಿಂದ ಬಂದಿರಬಹುದು ಅಂತಾದ್ರೆ, ಈ ರಕ್ತದ ಬರದಲ್ಲಿ ಅದನ್ನ ಚೆಲ್ಲೋದು ಪಾಪ. ನೀನು ಹೇಳಮ್ಮ. ನಿನ್ನ ಮಾತು ನಂಬ್ತೀನಿ."

"ಇಲ್ಲ. ಯಾರೂ ತಗೊಂಡಿಲ್ಲ" ಎಂದೆ.

ಬೇರೇನು ಹೇಳಬಹುದಿತ್ತು? ಹೌದು ಎಂದರೆ ಭಟ್ಟಿಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಗುಬ್ಬಿ ಈ ಜ್ವರದಿಂದ ಉಳಿದರೂ ಮುಂದಿನ ಬಾಟಲಿ ಎಲ್ಲಿಂದ? ಅಲ್ಲದೆ ಆ ಬಾಣಂತಿಗೆ ಸೊಳ್ಳೆ ಕಡಿದಿರಲಾರದು ಎಂದು ಯಾರು ಕಂಡಿದ್ದಾರೆ? ಸೊಳ್ಳೆ ಮೂರನೇ ಮಹಡಿಗೆ ಹಾರುವುದಿಲ್ಲವೇ? ಉಳ್ಳವರ ಮನೆಯ ಒಬ್ಬ ಹೆಂಗಸಿಗಾಗಿ ಇಡೀ ಭಟ್ಟಿಯ ಜನರನ್ನು ಬಲಿ ಕೊಡಲಾರೆ.

ಉಳ್ಳವರ ಮನೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಮೂರನೇ ಮಹಡಿ ಎಂದರಲ್ಲ.

ಏಪ್ರಿಲ್ 27

ಅಕ್ಕ ಎಲ್ಲವನ್ನೂ ಹಾಳು ಮಾಡಿದಳು.

ಬೆಳಿಗ್ಗೆ ಭಾವ ಅವಳಿಗೆ ಹೇಳಿಬಿಟ್ಟನಂತೆ, ಗುಳಿಗೆ ಹಂಚಿದ್ದು, ನುಂಗಿದ್ದು ಎಲ್ಲ. ಬಾಣಂತಿಯ ವಿಷಯ, ಫ್ರಿಜ್ಜಿನ ಮೂರು ಬಾಟಲಿಯ ವಿಷಯ ರಾತ್ರಿ ನಾನೇ ಹೇಳಿದ್ದೆ. ನಾನು ಗುಬ್ಬಿಯ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದೆ. ಅಕ್ಕ ಬಂದು ಮಂಚದ ಆಚೆ ನಿಂತಳು.

"ಆ ಮೂರು ಬಾಟಲಿ ಯಾರಿಗೆ ಹೋಗುತ್ತೆ?"

"ನನಗೇನು ಗೊತ್ತು? ಯಾರಿಗೋ."

"ಯಾರಿಗೋ ಅಂದ್ರೆ ಯಾರಿಗೆ?"

"ಅಕ್ಕ, ಇವಳ ಮುಖ ನೋಡಿ ಮಾತಾಡು. ನೀನೀಗ ಬಾಯಿ ಬಿಟ್ರೆ ಇವಳಿಗೆ ಇನ್ನು ಯಾರೂ ಕೊಡಲ್ಲ."

"ಗೊತ್ತು ಕಣೇ" ಎಂದಳು. "ಇವಳ ಮುಖಾನೇ ನೋಡ್ತಿದೀನಿ. ಇಂಥದೇ ಇನ್ನೊಂದು ಮಂಚ ಇರುತ್ತಲ್ಲ, ಅದರ ಪಕ್ಕ ಒಬ್ಬಳು ನಿಂತಿರ್ತಾಳೆ."

ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ನನ್ನನ್ನೂ ಎಳೆದುಕೊಂಡೇ ವಾರ್ಡಿನ ಬಾಗಿಲವರೆಗೆ ನಡೆದಳು. ಅಲ್ಲಿ ನಾನೇ ಬಿಟ್ಟೆ, ಜನ ನೋಡುತ್ತಿದ್ದರು. ಡಾಕ್ಟರಮ್ಮನ ಕೋಣೆಯೊಳಗೆ ಹೋದವಳು ಬೇಗ ಹೊರಗೆ ಬಂದಳು. ಅಷ್ಟು ಹೊತ್ತು ಸಾಕಾಯಿತು.

ಅಕ್ಕನಿಗೆ ತನ್ನವರು ಯಾರು, ಪರರು ಯಾರು ಎಂಬ ತಿಳುವಳಿಕೆಯೇ ಇಲ್ಲ. ಓದಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಏಪ್ರಿಲ್ 28

ಮೂರು ಬಾಟಲಿಯಲ್ಲಿ ಒಂದು ಆಗಲೇ ಹೋಗಿತ್ತಂತೆ, ನಿನ್ನೆ ಮುಂಜಾನೆ. ಲಾರಿ ಅಪಘಾತದಲ್ಲಿ ಬಂದ ಒಬ್ಬ ಮುದುಕನಿಗೆ. ಅವನಿಗೆ ಈಗಲೇ ಮದ್ದು ಶುರು ಮಾಡಿದ್ದಾರೆ. ಉಳಿದೆರಡನ್ನು ಚೆಲ್ಲಿದರು.

ಡಾಕ್ಟರಮ್ಮ ವಾರ್ಡಿಗೆ ಬಂದಾಗ ನನ್ನ ಕಡೆ ನೋಡಲಿಲ್ಲ. ಗುಬ್ಬಿಯ ನಾಡಿ ಹಿಡಿದಷ್ಟೂ ಹೊತ್ತು ಅಕ್ಕನ ಜೊತೆ ಮೆಲ್ಲಗೆ ಮಾತಾಡಿದರು.

ಮೇ 2

ಜ್ವರ ಬಿಟ್ಟಿದೆ. ಹುಳ ತಿಂದು ಉಳಿದ ರಕ್ತ ಸಾಲದೆಂದು ತುರ್ತಿಗೆಂದು ಇಟ್ಟಿದ್ದ ಒಂದು ಬಾಟಲಿ ಕೊಟ್ಟರು. ಅದನ್ನು ನಾವು ತುಂಬಿಕೊಟ್ಟಿಲ್ಲ. ಇನ್ನೊಂದು ಬೇಕು, ಬೇಗ.

ಮೇ 6

ಭಟ್ಟಿಯವರು ಈಗಲೂ ಆಸ್ಪತ್ರೆಗೆ ಬರುತ್ತಾರೆ. ಯಾರೂ ಕರೆದಿಲ್ಲ. ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದು ರಕ್ತನಿಧಿಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ಕಾವಲುಗಾರ ಎಬ್ಬಿಸಿದರೆ ಎದ್ದು ಬೇವಿನ ಮರದ ಕೆಳಗೆ ಹೋಗಿ ಕೂರುತ್ತಾರೆ.

ಉದ್ದಣ್ಣ ಕೇಳಿದ, "ಆ ಬಾಣಂತಿಗೆ ಹೋಗಿದ್ದು ಯಾರದಮ್ಮ?"

"ಗೊತ್ತಿಲ್ಲ" ಎಂದೆ. ಗೊತ್ತಿರಲಿಲ್ಲ, ನಿಜವಾಗಿ. ಗುಬ್ಬಿಗೆ ಹೋದದ್ದು ಅವನದು ಎಂದು ಅವನಿಗೆ ಗೊತ್ತಿದೆ. ಅದನ್ನು ಅವನು ಕೇಳಲಿಲ್ಲ.

"ನಂಗೊಂದು ಪೊಟ್ಟಣ ಪೂರ್ತಿ ಕೊಟ್ಟಿದ್ರೆ?" ಎಂದ.



ಮೇ 11

ಇವತ್ತು ರಕ್ತನಿಧಿಯಲ್ಲಿ ಅಕ್ಕನ ಬದಲು ನಾನು ಕೂತಿದ್ದೆ. ಯಾರಾದರೂ ತಾವಾಗಿ ಕೊಡಲು ಬಂದರೆ ಕಾಲು ಹಿಡಿಯುವುದು, ಅದೇ ಈಗಿನ ಕೆಲಸ.

ಒಬ್ಬ ಬಂದ. ಬಸ್ ಕಂಡಕ್ಟರನ ಸಮವಸ್ತ್ರ, ಹೆಗಲಿಗೆ ಚೀಲ, ಕೈಯಲ್ಲಿ ಬಟ್ಟೆ ಸುತ್ತಿದ ಮಗು. ಮಗು ಎಷ್ಟು ಚಿಕ್ಕದೆಂದರೆ ಅವನು ಅದನ್ನು ಹಿಡಿದುಕೊಂಡಿದ್ದು ತುಂಬಿದ ಲೋಟ ಹಿಡಿದ ಹಾಗೆ. ಡಾಕ್ಟರಮ್ಮ ಅವನನ್ನು ಕಂಡು ಕುರ್ಚಿಯಿಂದ ಎದ್ದರು.

"ನೀವು ಕೊಡೋದು ಬೇಡಪ್ಪ. ಆ ನಿಯಮ ನಿಮಗಲ್ಲ."

"ಹೆರಿಗೆ ದಿನ ಒಂದು ಬಾಟಲಿ ತಗೊಂಡ್ವಿ, ಮೇಡಂ. ತುಂಬಿಕೊಡಬೇಕು ಅಂತ ಸಹಿ ಹಾಕಿದ್ದೆ. ಆಮೇಲೆ ಓಡಾಟದಲ್ಲಿ ಬರೋಕಾಗಲಿಲ್ಲ."

"ಆ ಬಾಟಲಿಯಿಂದಲೇ..." ಎಂದರು ಡಾಕ್ಟರಮ್ಮ.

"ಹೇಳಿದ್ರಲ್ಲ, ಗೊತ್ತು. ಕೊಟ್ಟವರಿಗೇನು ಗೊತ್ತಿತ್ತು ಪಾಪ. ತಗೊಂಡಿದ್ದು ತಗೊಂಡ್ವಿ. ಬಾಕಿ ಇಟ್ಕೊಂಡು ಅವಳ ಫೋಟೊ ಎದುರು ನಿಲ್ಲೋಕೆ ಆಗಲ್ಲ."

ಮಲಗಲು ಹೋಗುವ ಮೊದಲು ಸುತ್ತ ನೋಡಿದ. ಅಲ್ಲಿ ಇದ್ದವಳು ನಾನೊಬ್ಬಳೇ. "ಸ್ವಲ್ಪ ಹಿಡ್ಕೋತೀಯಮ್ಮ? ಅತ್ರೆ ಬೆರಳು ಕೊಡು, ಚೀಪುತ್ತೆ."

ಮಗುವನ್ನು ನನ್ನ ತೊಡೆಗೆ ಹಾಕಿ ಮಂಚದ ಮೇಲೆ ಮಲಗಿದ. ಬಾಗಿಲು ತೆರೆದೇ ಇತ್ತು. ಅವನ ಬೂಟಿನ ಹಿಮ್ಮಡಿ ಒಂದೇ ಕಡೆ ಸವೆದಿತ್ತು, ದಿನವಿಡೀ ಓಡುವ ಬಸ್ಸಿನಲ್ಲಿ ನಿಂತು ನಿಂತು.

ಅವನ ಗುಂಪು ಗುಬ್ಬಿಯದೇ ಗುಂಪು. ಡಾಕ್ಟರಮ್ಮ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಇಷ್ಟು ದಿನಕ್ಕೆ ಮೊದಲ ಸಲ. "ಪರೀಕ್ಷೆ ಮುಗಿದ್ರೆ ನಾಳೆ ಇದು ಗುಬ್ಬಿಗೆ" ಎಂದು ಮಾತ್ರ ಹೇಳಿ ಒಳಗೆ ಹೋದರು. ನಾನು ಯಾರೆಂದು ಅವರೇನೂ ಹೇಳಲಿಲ್ಲ ಅವನಿಗೆ. ನನಗೆ ಬಿಟ್ಟರು.

ಅವನು ತಲೆ ಹೊರಳಿಸಿ ಕೇಳಿದ, "ಯಾರಮ್ಮ ಗುಬ್ಬಿ?"

"ನನ್ನ ಅಕ್ಕನ ಮಗಳು."

"ಎಷ್ಟು ವರ್ಷ?"

"ಆರು."

"ಓಡಾಡ್ತಾಳಾ?"

"ರಕ್ತ ಏರಿಸಿದ ದಿನ ಕುಣೀತಾಳೆ."

ಅವನು ನಕ್ಕಂತೆ ಮಾಡಿದ. "ಹಾಗಾದ್ರೆ ಒಳ್ಳೇ ಕಡೆಗೆ ಹೋಯ್ತು ಬಿಡು. ಮುಂದಿನದಕ್ಕೆ ಯಾರಿದಾರೆ?"

"ಯಾರೂ ಇಲ್ಲ."

"ನನ್ನ ಹತ್ರ ಇನ್ನು ಮೂರು ತಿಂಗಳು ತಗೊಳ್ಳಲ್ಲ ಅಂತಾರೆ. ಅಷ್ಟರೊಳಗೆ ಎಷ್ಟು ಬೇಕು ಇವಳಿಗೆ?"

ನಾನು ಹೇಳಿದೆ. ಅವನು ಚಾವಣಿ ನೋಡುತ್ತ ಬೆರಳು ಮಡಿಸಿ ಎಣಿಸಿದ.

ಆಗ ಹೇಳಬೇಕೆಂದುಕೊಂಡೆ. ಭಟ್ಟಿಯ ಹಿಂದೆ ತಟ್ಟೆಗೆ ಗುಳಿಗೆ ಸುರಿದವಳು ನಾನು ಎಂದು. ಕೊಟ್ಟವರಿಗೆ ಗೊತ್ತಿರಲಿಲ್ಲ, ನಿಜ. ಕೊಡಿಸಿದವಳು ಎದುರಿಗೇ ಕೂತಿದ್ದಾಳೆ ಎಂದು. ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಮಗು ನನ್ನ ಬೆರಳು ಚೀಪುತ್ತಾ ಹಾಗೆಯೇ ನಿದ್ದೆ ಹೋಗಿತ್ತು. ಮಾತಾಡಿದರೆ ಎದ್ದುಬಿಡುತ್ತದೆ ಎಂದು ಸುಮ್ಮನಿದ್ದೆ.